ಹಿಟ್ಲರನ ಶಿಸ್ತಿಗೆ ಬೆಲೆ ತೆತ್ತವರಾರು?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರ ಸಂತೆಗಳಲ್ಲಿ, ಚಹದಂಗಡಿಗಳಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: "ಈ ದೇಶಕ್ಕ ಒಬ್ಬ ಹಿಟ್ಲರ ಬೇಕು, ಅಂದರ ಶಿಸ್ತು ಬರ್ತದ." ಗಿರಣಿ ಕಾಮಗಾರರೂ ಕಿರಾಣಿ ಅಂಗಡಿಯವರೂ ಇದಕ್ಕೆ ತಲೆದೂಗುವುದನ್ನು ನಾವು ಕಂಡಿದ್ದೇವೆ. ಆ ಶಿಸ್ತು ಎಂಥದು? ಹಿಟ್ಲರನ ವಿಮಾನ ಹೊಡೆಯುವ ತೋಪುಪಡೆಯ ಚರಿತ್ರೆಯೇ ಹೇಳುತ್ತದೆ.

1933ರ ಮೇ 2ರಂದು ಅವನ ಬಂಟರು ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ಅವುಗಳನ್ನು ಮುಚ್ಚಿಸಿದರು. ಕೇಳುವ ಬಾಯಿ ಕಟ್ಟಿದ ಮೇಲೆ ಯುದ್ಧ ಹೂಡುವುದು ಸುಲಭವಾಯಿತು. ಶತ್ರುವಿಮಾನ ಒಳಗೆ ಬಾರದೆಂದು ವಾಯುಸೇನೆಯ ಗೋರಿಂಗ್ ಜಂಬ ಕೊಚ್ಚಿದ. 1942ರ ಮೇ ಕೊನೆಗೆ ಸುಮಾರು 1000 ವಿಮಾನಗಳು ಒಂದೇ ರಾತ್ರಿ ಕಲೋನ್ ನಗರದ ಮೇಲೆ ಎರಗಿದವು.

ತೋಪು ನಡೆಸುವ ಗಂಡಸರನ್ನು ರಶಿಯಾದ ರಣಾಂಗಣ ನುಂಗುತ್ತಿತ್ತು. ಆಗ, 1943ರ ಫೆಬ್ರವರಿಯಿಂದ, 16ರ ಆಸುಪಾಸಿನ ಹೈಸ್ಕೂಲ ಹುಡುಗರನ್ನು ತೋಪಿಗೆ ಹಚ್ಚಿದರು. ಯುದ್ಧ ಮುಗಿಯುವುದರೊಳಗೆ ಇಂಥವರು ಸುಮಾರು 2 ಲಕ್ಷ. ಮಾಸ್ತರರು ತೋಪಿನ ಬಳಿಗೇ ಹೋಗಿ ಪಾಠ ಹೇಳಬೇಕಾಯಿತು! ಗುಂಡು ಹೊರಲು ರಶಿಯಾದ ಯುದ್ಧಕೈದಿಗಳು. ಮ್ಯೂನಿಕ್ ಬಳಿ ಬಿ.ಎಂ.ಡಬ್ಲ್ಯು. ವಿಮಾನ ಎಂಜಿನ್ ಕಾರ್ಖಾನೆ ಕಾಯಲು ನಿಂತ ಹುಡುಗರಲ್ಲಿ ಮುಂದೆ ಪೋಪ್ ಆದ ಜೋಸೆಫ್ ರಾಟ್ಸಿಂಗರ್ ಒಬ್ಬರು. ಆ ಕಾರ್ಖಾನೆಯೊಳಗೆ ಡಾಖಾವ್ ಶಿಬಿರದ ಕೈದಿಗಳ ಬೆವರು. ಹೊರಗೆ ಮಕ್ಕಳು, ಒಳಗೆ ಕೈದಿಗಳು, ಲಾಭ ಮಾತ್ರ ಮಾಲಕರದು!

ಸಣ್ಣ ವ್ಯಾಪಾರಸ್ಥರೇ, ನೀವೂ ಕೇಳಿರಿ. ದೊಡ್ಡ ಮಳಿಗೆಗಳಿಂದ ನಿಮ್ಮನ್ನು ಉಳಿಸುತ್ತೇವೆಂದು ಅಲ್ಲಿಯ ಅಂಗಡಿಕಾರರಿಗೆ ಮಾತು ಕೊಟ್ಟವರೇ, 1943ರಲ್ಲಿ ಯುದ್ಧದ ಹೆಸರಿನಲ್ಲಿ ಸಣ್ಣ ಅಂಗಡಿಗಳನ್ನು ಮುಚ್ಚಿಸಿದರು.

ಇಷ್ಟಾಗಿಯೂ ಜನ ಉಳಿದರೇ? ಅದೇ ಜುಲೈಯಲ್ಲಿ ಇಂಗ್ಲಿಷರು ಲೋಹದ ಹಾಳೆಯ ಪಟ್ಟಿಗಳನ್ನು ಆಕಾಶದಿಂದ ಚೆಲ್ಲಿ ತೋಪುಗಳ ರಡಾರ್ ಕಣ್ಣು ಕಟ್ಟಿದರು. ಹ್ಯಾಂಬರ್ಗಿನಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಸತ್ತರು. ಹ್ಯಾಮರ್‌ಬ್ರೂಕ್‌ನಂಥ ಕೂಲಿಕಾರರ ಕೇರಿಗಳು ಬೂದಿಯಾದವು. ಬಾಂಬು ಹಾಕಿದವರನ್ನೂ ನಾವು ಹೊಗಳಲಾರೆವು.

ಶಿಸ್ತು ನಮ್ಮ ಮಣ್ಣಿನಲ್ಲಿಯೂ ಇದೆ. ಅದೇ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದರು. ಯಾವ ಸರಕಾರದ ಹುಕುಮೂ ಅವರನ್ನು ಅಲ್ಲಿಗೆ ಅಟ್ಟಿರಲಿಲ್ಲ. ತಿಳಿದು, ಒಪ್ಪಿ, ತಾವಾಗಿಯೇ ಹೋದರು. ಅದು ಶಿಸ್ತು. ಮಕ್ಕಳನ್ನು ತೋಪಿಗೆ ಕಟ್ಟುವುದು ಶಿಸ್ತಲ್ಲ, ಜೀತ.

ಇನ್ನು ಮೇಲೆ ಯಾರಾದರೂ ಹಿಟ್ಲರ ಬೇಕೆಂದರೆ ಒಂದೇ ಮಾತು ಕೇಳಿರಿ: ನಿನ್ನ ಮಗ ಈಗ ಎಷ್ಟನೇ ಇಯತ್ತೆಯಲ್ಲಿ ಓದುತ್ತಾನಪ್ಪಾ?