ನಳದ ಕೆಲಸಕ್ಕೆ ಸ್ವತಂತ್ರವಾಗಿ ಇಳಿಯುವವರಿಗೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ‘ನಳ ಬಂತು’ ಎಂಬ ಮಾತಿಗೆ ಹೊರಗಿನವರಿಗೆ ಥಟ್ಟನೆ ತಿಳಿಯದ ಒಂದು ಅರ್ಥವಿದೆ. ನಳವು ಗೋಡೆಯಲ್ಲಿ ಇದ್ದೇ ಇರುತ್ತದೆ, ಬರಬೇಕಾದುದು ನೀರು. ಸವದತ್ತಿಯ ಹತ್ತಿರದ ಮಲಪ್ರಭಾ ಜಲಾಶಯದಿಂದ ಅಮ್ಮಿನಭಾವಿಯ ಶುದ್ಧೀಕರಣ ಘಟಕದ ಮೂಲಕ ಬರುವ ನೀರು, ಕಲಘಟಗಿ ತಾಲೂಕಿನ ನೀರಸಾಗರದಿಂದ ಬರುವ ನೀರು, ಇವೆರಡೂ ಸೇರಿದರೂ ದಶಕಗಳ ಕಾಲ ಇಲ್ಲಿನ ಬಹುತೇಕ ಓಣಿಗಳಿಗೆ ನೀರು ದೊರೆತದ್ದು ಹಲವು ದಿನಗಳಿಗೊಮ್ಮೆ, ಅದೂ ಕೆಲವೇ ತಾಸು. 2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ದಿನದ 24 ತಾಸೂ ನೀರು ಹರಿಸುವ ಪ್ರಯೋಗ ನಡೆದು, ಅದನ್ನು ಉಳಿದ ಭಾಗಗಳಿಗೆ ವಿಸ್ತರಿಸುವ ಯೋಜನೆಯನ್ನೂ ನಂತರ ಕೈಗೆತ್ತಿಕೊಳ್ಳಲಾಯಿತು. ಆದರೂ ನೀರನ್ನು ಕೂಡಿಡುವ ರೂಢಿ ನಮ್ಮ ಮನೆಗಳ ಕಟ್ಟಡದಲ್ಲಿಯೇ ಸೇರಿಹೋಗಿದೆ. ನೆಲದೊಳಗೊಂದು ಟಾಕಿ, ಮಾಳಿಗೆಯ ಮೇಲೊಂದು ಟಾಕಿ, ನಡುವೆ ಒಂದು ಮೋಟಾರು. ಹೀಗಾಗಿ ಇಲ್ಲಿಯ ಒಂದೊಂದು ಮನೆಯೂ ಒಂದು ಸಣ್ಣ ನೀರು ಸರಬರಾಜು ಮಂಡಳಿಯೇ ಸರಿ. ಅದನ್ನು ಕಟ್ಟಲು, ಕೆಟ್ಟಾಗ ಸರಿಪಡಿಸಲು ಬಲ್ಲ ಕೈಗಳಿಗೆ ಈ ಊರಿನಲ್ಲಿ ಕೆಲಸದ ಕೊರತೆ ಇಲ್ಲ.

ಕೊರತೆ ಇರುವುದು ಆ ಕೈಗಳಿಗೆ. 1947ರಲ್ಲಿ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಆರಂಭವಾದಂದಿನಿಂದ ನಮ್ಮ ಮನೆತನಗಳು ಮಗನನ್ನು ಇಂಜಿನಿಯರನನ್ನಾಗಿ ಕಾಣುವ ಹಂಬಲವನ್ನು ಬೆಳೆಸಿಕೊಂಡು ಬಂದಿವೆ. ತಪ್ಪಲ್ಲ. ಆದರೆ ಮಗನು ಪಾನಾ ಹಿಡಿದು ಮನೆಮನೆಗೆ ಹೋಗುತ್ತೇನೆಂದರೆ ತಾಯಿಯ ಮುಖ ಬಾಡುತ್ತದೆ. ‘ನಾಳೆ ಹೆಣ್ಣು ಕೊಡುವವರು ಯಾರು’ ಎಂಬುದು ಮೊದಲ ಪ್ರಶ್ನೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಎಂದು ವೃತ್ತಿಯನ್ನೇ ಹೆಸರಿಗೆ ಹಚ್ಚಿಕೊಂಡು ಬಾಳಿದ ಶರಣರನ್ನು ವೇದಿಕೆಯ ಮೇಲೆ ಕೊಂಡಾಡುವ ನಾವು, ವಧು-ವರರ ಪುಟದಲ್ಲಿ ಮಾತ್ರ ‘ಸರಕಾರಿ ನೌಕರಿಯವರಿಗೆ ಆದ್ಯತೆ’ ಎಂದು ಬರೆಸುತ್ತೇವೆ. ಈ ಮಾತನ್ನು ಇಲ್ಲಿಗೇ ಬಿಟ್ಟು, ಇಳಿಯಲು ನಿರ್ಧರಿಸಿದ ಹುಡುಗನಿಗೂ ಅವನ ಮನೆಯವರಿಗೂ ಉಪಯೋಗವಾಗುವ ವಿಷಯಕ್ಕೆ ಬರೋಣ.

ಮೊದಲು ಕಲಿಕೆ. ಐ.ಟಿ.ಐ.ಯಲ್ಲಿ ಪ್ಲಂಬರ್ ತರಬೇತಿಗೆ ಒಂದು ವರ್ಷ. ಅದರ ನಂತರ ಪಳಗಿದ ಮಿಸ್ತ್ರಿಯ ಕೈಕೆಳಗೆ ಕನಿಷ್ಠ ಎರಡು ಮಳೆಗಾಲ, ಎರಡು ಬೇಸಗೆ ದುಡಿಯದೆ ಸ್ವತಂತ್ರನಾಗುವುದು ಅವಸರದ ಕೆಲಸವೆಂದೇ ನನ್ನ ಅಭಿಪ್ರಾಯ. ಕಾರಣ, ಊರಿನ ಮಣ್ಣನ್ನು ಪುಸ್ತಕ ಕಲಿಸುವುದಿಲ್ಲ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ಪೂರ್ವಕ್ಕೆ ಎರೆಮಣ್ಣು. ಎರೆಯು ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿಯುತ್ತದೆ. ಬಿರಿದಾಗ ಒಳಗಿನ ಕೊಳವೆಯನ್ನೂ ಎಳೆಯುತ್ತದೆ. ಕೊಳವೆಯ ಸುತ್ತ ಉಸುಕು ತುಂಬದೆ ಹೂತ ಜೋಡಣೆ ಜನವರಿಯಲ್ಲಿ ಗಟ್ಟಿಯಾಗಿ ಕಂಡು ಮೇ ತಿಂಗಳಲ್ಲಿ ಸೋರತೊಡಗುತ್ತದೆ. ಹಳೇ ಹುಬ್ಬಳ್ಳಿಯ, ಮಾಳಮಡ್ಡಿಯ ಹಳೆಯ ಮನೆಗಳಲ್ಲಿ ಇನ್ನೂ ಸತುವು ಲೇಪಿಸಿದ ಕಬ್ಬಿಣದ ಕೊಳವೆಗಳು ಸಿಗುತ್ತವೆ. ಒಳಗೆ ತುಕ್ಕು ಕಟ್ಟಿ ಅರ್ಧ ಮುಚ್ಚಿರುತ್ತವೆ. ಅಂಥ ಕಡೆ ಒಂದು ಜೋಡಣೆಯನ್ನು ಬಲವಾಗಿ ತಿರುಗಿಸಿದರೆ ಮೂರು ಮಾರು ಆಚೆಯ ಇನ್ನೊಂದು ಮುರಿಯುತ್ತದೆ. ಎಲ್ಲಿ ತಿರುಗಿಸಬೇಕು, ಎಲ್ಲಿ ಕೊಯ್ದು ಹೊಸದನ್ನು ಜೋಡಿಸಬೇಕು ಎಂಬ ವಿವೇಕ ಅಭ್ಯಾಸದಿಂದಲೇ ಬರತಕ್ಕದ್ದು.

ಹೊಸ ಮನೆಗಳ ಪ್ಲಾಸ್ಟಿಕ್ ಕೊಳವೆಯ ಕೆಲಸ ಸುಲಭವೆಂಬ ಭ್ರಮೆ ಇದೆ. ಕೊಳವೆಯ ತುದಿಯನ್ನು ಒರೆಸಿ ಒಣಗಿಸದೆ ಅಂಟು ಹಚ್ಚುವುದು, ಅಂಟು ಆರುವ ಮೊದಲೇ ನೀರು ಬಿಡುವುದು, ಇವು ಹೊಸಬರ ಸಾಮಾನ್ಯ ದೋಷಗಳು. ಗೋಡೆಯೊಳಗೆ ಹುದುಗಿಸಿದ ಕೊಳವೆಗೆ ಗೌಂಡಿಯು ಟೈಲ್ಸ್ ಕೂಡಿಸುವ ಮುನ್ನವೇ ಕೈಪಂಪಿನಿಂದ ಒತ್ತಡ ಕೊಟ್ಟು, ಮುಳ್ಳು ಇಳಿಯುವುದೋ ಎಂದು ಒಂದು ರಾತ್ರಿ ನೋಡಬೇಕು. ಗೌಂಡಿ ಅವಸರ ಮಾಡುತ್ತಾನೆ, ಮನೆಯ ಯಜಮಾನರೂ ಮಾಡುತ್ತಾರೆ. ಆ ಒಂದು ರಾತ್ರಿಯನ್ನು ಬಿಟ್ಟುಕೊಟ್ಟವನು ಆರು ತಿಂಗಳ ನಂತರ ಒಡೆದ ಟೈಲ್ಸಿನ ಬೆಲೆಯನ್ನೂ ತಾನೇ ತೆರಬೇಕಾಗುತ್ತದೆ.

ಇನ್ನು ಬಿಸಿನೀರು. ಬಚ್ಚಲುಮನೆಯ ಒಲೆಯ ಮೇಲಿನ ತಾಮ್ರದ ಹಂಡೆ ಅಟ್ಟ ಸೇರಿ ಬಹಳ ವರ್ಷಗಳಾದವು. ರಾಜ್ಯ ಸರಕಾರವು 2007ರಲ್ಲಿ ನಗರಗಳಲ್ಲಿ 600 ಚದರ ಅಡಿಗೂ ಮಿಕ್ಕಿ ಕಟ್ಟುವ ಹೊಸ ಮನೆಗಳಿಗೆ ಸೌರ ಜಲತಾಪಕವನ್ನು ಕಡ್ಡಾಯ ಮಾಡಿದ ಮೇಲೆ ಈ ಕೆಲಸವು ಒಂದು ಪ್ರತ್ಯೇಕ ವಿದ್ಯೆಯೇ ಆಗಿದೆ. ಹೊಸಬನು ಇದರಲ್ಲಿ ಕೈ ಪಳಗಿಸಿಕೊಂಡರೆ ಬೇಗ ಹೆಸರು ಬರುತ್ತದೆ. ಏಕೆಂದರೆ ಕೆಡಿಸುವವರು ಬಹಳ. ತಣ್ಣೀರಿನ ಟಾಕಿ ಸೌರ ಟಾಕಿಗಿಂತ ಎತ್ತರದಲ್ಲಿರಬೇಕು, ಗಾಳಿ ಹೋಗುವ ಕೊಳವೆ ಅದಕ್ಕಿಂತ ಮೇಲೆ ಏರಿರಬೇಕು, ಬಿಸಿನೀರಿನ ಹಾದಿಗೆ ಸಾಧಾರಣ ಪಿ.ವಿ.ಸಿ. ಕೊಳವೆ ಸಲ್ಲದು. ಅದು 60 ಡಿಗ್ರಿ ದಾಟಿದೊಡನೆ ಮೆತ್ತಗಾಗಿ ಜೋತುಬೀಳುತ್ತದೆ, ಸಿ.ಪಿ.ವಿ.ಸಿ. 90 ಡಿಗ್ರಿಯವರೆಗೂ ತಾಳುತ್ತದೆ. ‘ಮೇಲಿನ ಮಹಡಿಯ ಷವರಿನಲ್ಲಿ ನೀರು ತೊಟ್ಟಿಕ್ಕುತ್ತದೆ’ ಎಂಬ ದೂರು ಬಂದರೆ ಷವರನ್ನು ಬದಲಿಸಿ ಹಣ ಕೇಳುವುದು ಸರಿಯಲ್ಲ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೊಡುತ್ತದೆ. ಟಾಕಿಯು ಷವರಿಗಿಂತ ಎರಡೇ ಮೀಟರ್ ಮೇಲಿದ್ದರೆ ಅದರ ಐದನೆಯ ಒಂದು ಪಾಲು ಮಾತ್ರ. ಇದನ್ನು ಮನೆಯವರಿಗೆ ಕಾಗದದ ಮೇಲೆ ಬರೆದು ತೋರಿಸಿದ ಪ್ಲಂಬರನನ್ನು ಅವರು ಮರೆಯುವುದಿಲ್ಲ. ವಿದ್ಯುತ್ ಗೀಸರಿನ ಕೊಳವೆಯ ಭಾಗ ಅವನದು, ತಂತಿ ಮತ್ತು ಅರ್ಥಿಂಗ್ ಭಾಗ ಪರವಾನಿಗೆಯುಳ್ಳ ವಿದ್ಯುತ್ ಕೆಲಸದವರದು. ಕೊಳವೆಬಾವಿಯ ಗಡುಸು ನೀರಿರುವಲ್ಲಿ ಗೀಸರಿನೊಳಗಿನ ಕಾಯಿಲ್ ಮೇಲೆ ಸುಣ್ಣ ಕಟ್ಟುವುದರಿಂದ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯುವ ಗಿರಾಕಿಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳುವುದು ಜಾಣತನ.

ಈಗ ದುಡ್ಡಿನ ಮಾತು. ಸ್ವಂತ ಕೆಲಸಕ್ಕೆ ಇಳಿದ ಹುಡುಗರು ಮೊದಲ ವರ್ಷದಲ್ಲಿಯೇ ಸೋತು ಮರಳಿ ಮಿಸ್ತ್ರಿಯ ಕೈಕೆಳಗೆ ಸೇರುವುದು ಕೈಚಳಕದ ಕೊರತೆಯಿಂದಲ್ಲ, ಲೆಕ್ಕದ ಕೊರತೆಯಿಂದ. ಉದಾಹರಣೆಗೆ ಮಿಸ್ತ್ರಿಯು ದಿನಕ್ಕೆ 800 ರೂಪಾಯಿ ಪಗಾರ ಕೊಡುತ್ತಿದ್ದನೆಂದು ಇಟ್ಟುಕೊಳ್ಳೋಣ. 26 ದಿನಕ್ಕೆ 20,800 ರೂಪಾಯಿ ಆಯಿತು. ಹುಡುಗನು ಸ್ವತಂತ್ರನಾದ ಮೇಲೂ ‘ನನ್ನ ದಿನದ ದರ 800’ ಎಂದೇ ಹೇಳುತ್ತಾನೆ. ಆದರೆ ಸ್ವಂತ ಕೆಲಸದಲ್ಲಿ 26 ದಿನ ಎಲ್ಲಿಯದು? ಅಳತೆ ನೋಡಿ ಬರಲು ಒಂದು ದಿನ, ಸಾಮಾನು ಹುಡುಕಲು ಇನ್ನೊಂದು, ಬಾಕಿ ಕೇಳಲು ಮತ್ತೊಂದು. ಕೈಗೆ ಹತ್ತುವುದು 16 ದಿನ ಎಂದು ಹಿಡಿದು, ಗಾಡಿಯ ಪೆಟ್ರೋಲು, ಸವೆದ ಬ್ಲೇಡು, ಫೋನಿನ ಖರ್ಚು ಸೇರಿ ತಿಂಗಳಿಗೆ 3,200 ಕೂಡಿಸಿದರೆ, ಮೊದಲಿನ ಸಂಪಾದನೆ ಉಳಿಯಬೇಕಾದರೂ ದಿನಕ್ಕೆ 1,500 ರೂಪಾಯಿ ಬೀಳಬೇಕು. ಇದು ದುರಾಶೆಯ ದರವಲ್ಲ, ಬರೇ ಸರಿಸಮಾನ. ದರವನ್ನು ಕೇಳಿ ಹುಬ್ಬೇರಿಸುವ ಗೃಹಸ್ಥರು, ಅವರಲ್ಲಿ ಈ ಅಂಕಣವನ್ನು ಓದುತ್ತಿರುವವರೂ ಇದ್ದಾರೆ, ಈ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡಬೇಕಾಗಿ ವಿನಂತಿ.

ಇನ್ನೊಂದು ಕಂಟಕವೆಂದರೆ ನಮ್ಮವರೇ. ಹುಡುಗನ ಮೊದಲ ಗಿರಾಕಿಗಳು ಸಾಮಾನ್ಯವಾಗಿ ಸೋದರಮಾವ, ಅಕ್ಕನ ಬೀಗರು, ತಂದೆಯ ಸ್ನೇಹಿತರು. ‘ನಮ್ಮ ಹುಡುಗ’ ಎಂದು ಅಕ್ಕರೆಯಿಂದ ಕರೆಯುತ್ತಾರೆ, ಊಟಕ್ಕೆ ಎಬ್ಬಿಸಿ ಬಡಿಸುತ್ತಾರೆ, ಹಣದ ಮಾತು ಬಂದರೆ ‘ಮುಂದಿನ ವಾರ ನೋಡೋಣಪ್ಪ’ ಎನ್ನುತ್ತಾರೆ. ಅಂಗಡಿಯವನ ಉದ್ರಿಯು ಮಾತ್ರ ಹುಡುಗನ ಹೆಸರಿನಲ್ಲಿ ಏರುತ್ತಿರುತ್ತದೆ. ಇದಕ್ಕೆ ಒಂದು ಉಪಾಯವಿದೆ: ಸಾಮಾನನ್ನು ಯಾರಿಗೇ ಆಗಲಿ ತನ್ನ ಉದ್ರಿಯಲ್ಲಿ ತರಬಾರದು. ಪಟ್ಟಿ ಬರೆದುಕೊಟ್ಟು ಮನೆಯವರಿಂದಲೇ ಕೊಳ್ಳಿಸಬೇಕು. ಕೂಲಿಯ ಪೂರ್ಣ ಮೊತ್ತವನ್ನು ಬಿಲ್ಲಿನಲ್ಲಿ ಬರೆದು, ಸಂಬಂಧಕ್ಕಾಗಿ ಬಿಡುವಷ್ಟನ್ನು ಅದರ ಕೆಳಗೆ ಕಳೆದು ತೋರಿಸಬೇಕು. ಆಗ ಬಿಟ್ಟದ್ದು ಎಷ್ಟೆಂದು ಇಬ್ಬರಿಗೂ ತಿಳಿದಿರುತ್ತದೆ. ಸಾಮಾನು ಕೊಳ್ಳಿಸಿದ್ದಕ್ಕೆ ಅಂಗಡಿಯವರು ಗುಟ್ಟಾಗಿ ಕೊಡುವ ಕಮಿಶನ್ನಿನ ಬಗ್ಗೆ ಹಲವು ಅಭಿಪ್ರಾಯಗಳಿವೆ. ಎಲ್ಲರೂ ತೆಗೆದುಕೊಳ್ಳುತ್ತಾರೆ ಎಂಬುದು ಸಮರ್ಥನೆಯಾಗಲಾರದು. ಅದನ್ನು ನೆಚ್ಚಿದವನು ತನ್ನ ನಿಜವಾದ ದರವನ್ನು ಬಾಯಿಬಿಟ್ಟು ಹೇಳಲು ಎಂದೂ ಕಲಿಯುವುದಿಲ್ಲ ಎಂಬುದೇ ಅದರ ದೊಡ್ಡ ಹಾನಿ.

ಹಣಕ್ಕಿಂತ ಹೆಚ್ಚಿನದು ಪಣಕ್ಕಿರುವ ಎರಡು ಸಂದರ್ಭಗಳನ್ನು ಹೇಳದೆ ಮುಂದುವರಿಯಲಾರೆ. ಮೊದಲನೆಯದು ಗ್ಯಾಸ್ ಗೀಸರ್. ಅಗ್ಗವೆಂದು ಅದನ್ನು ಬಚ್ಚಲುಮನೆಯೊಳಗೇ ಕೂಡಿಸಲು ಹೇಳುವವರಿದ್ದಾರೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಉರಿಯುವ ಜ್ವಾಲೆಯು ಅಲ್ಲಿಯ ಆಮ್ಲಜನಕವನ್ನು ತಿಂದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರಿಗೆ ತಲೆ ಸುತ್ತುವುದು ತಿಳಿಯುವಷ್ಟರಲ್ಲಿ ಬಾಗಿಲಿನ ಚಿಲಕ ತೆಗೆಯುವ ಶಕ್ತಿ ಉಳಿದಿರುವುದಿಲ್ಲ. ನಮ್ಮ ರಾಜ್ಯದಲ್ಲಿಯೂ ಹೀಗೆ ಪ್ರಾಣಗಳು ಹೋಗಿವೆ. ಗೀಸರು ಹೊರಗಿನ ಗಾಳಿಯಾಡುವ ಜಾಗದಲ್ಲಿರಬೇಕು, ಒಳಗೆ ಬರತಕ್ಕದ್ದು ಬಿಸಿನೀರಿನ ಕೊಳವೆ ಮಾತ್ರ. ‘ನೀ ಹಾಕದಿದ್ದರೆ ಬೇರೆಯವನು ಹಾಕುತ್ತಾನೆ’ ಎಂದು ಯಜಮಾನರು ಹೇಳಬಹುದು. ನಿಜ, ಹಾಕಲೂಬಹುದು. ಆದರೂ ಹುಡುಗನು ಪಾನಾ ಚೀಲಕ್ಕೆ ಹಾಕಿಕೊಂಡು ಹೊರಡಬೇಕು, ಆ ದಿನದ ಕೂಲಿ ಹೋದರೂ ಹೋಗಲಿ.

ಎರಡನೆಯದು ಶೌಚದ ಗುಂಡಿ. ಕಟ್ಟಿದ ಕೊಳವೆಯನ್ನು ಬಿಡಿಸಲು ಕರೆದವರು ‘ಒಂಚೂರು ಇಳಿದು ನೋಡು’ ಎನ್ನುತ್ತಾರೆ. ಗುಂಡಿಯ ಅನಿಲ ಒಂದೆರಡು ಉಸಿರಿನಲ್ಲಿಯೇ ಮನುಷ್ಯನನ್ನು ಕೆಡವುತ್ತದೆ. ಎತ್ತಲು ಇಳಿದವನೂ ಅಲ್ಲಿಯೇ ಬೀಳುತ್ತಾನೆ. ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಶೌಚಗುಂಡಿಗೂ ಒಳಚರಂಡಿಗೂ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ತಾನು ಇಳಿಯಬಾರದು, ಮತ್ತೊಬ್ಬ ಬಡವನನ್ನು ಕರೆತಂದು ಇಳಿಸಲೂಬಾರದು. ಹೀರುವ ಯಂತ್ರದ ಗಾಡಿಯನ್ನು ಕರೆಸುವುದೊಂದೇ ದಾರಿ. ಬಹಳ ದಿನ ಮುಚ್ಚಿಟ್ಟ ನೆಲದೊಳಗಿನ ಟಾಕಿಯ ವಿಷಯದಲ್ಲಿಯೂ ಎಚ್ಚರ ಬೇಕು: ಮುಚ್ಚಳ ತೆರೆದು ಸಾಕಷ್ಟು ಗಾಳಿ ಆಡಿಸದೆ, ಮೇಲೊಬ್ಬರನ್ನು ನಿಲ್ಲಿಸದೆ ಒಳಗೆ ಕಾಲಿಡಬಾರದು.

ಟಾಕಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಅವಳಿ ನಗರದ ನಳದ ನೀರನ್ನೇ ಪರೀಕ್ಷಿಸಿ, ದಿನಬಿಟ್ಟು ಬರುವ ನೀರಿನಲ್ಲಿ ಮಾಲಿನ್ಯ ಹೆಚ್ಚೆಂದೂ ಮೊದಲು ಬರುವ ನೀರು ವಿಶೇಷವಾಗಿ ರಾಡಿಯೆಂದೂ ತೋರಿಸಿದ್ದಾರೆ. ಟಾಕಿಗೆ ಹೋಗುವ ಮೊದಲೇ ಆ ನೀರನ್ನು ಹೊರಗೆ ಬಿಡಲು ಒಂದು ಚಿಕ್ಕ ನಳವನ್ನು ಜೋಡಿಸಿಕೊಡಬಹುದು. ಖರ್ಚು ಅತ್ಯಲ್ಪ, ಮಕ್ಕಳಿರುವ ಮನೆಗೆ ಉಪಕಾರ ದೊಡ್ಡದು.

ನೆರವಿನ ಬಾಗಿಲುಗಳು ಹಲವಿವೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಶಾಖೆ ಧಾರವಾಡದಲ್ಲಿದೆ; ಊಟ-ವಸತಿ ಸಹಿತ ತರಬೇತಿ ಉಚಿತ. ಲೆಕ್ಕಪತ್ರ ಇಡುವುದನ್ನು ಕಲಿಯಲು 1992ರಲ್ಲಿ ಸ್ಥಾಪನೆಯಾದ ಸಿಡಾಕ್ ಕೂಡ ಧಾರವಾಡದಲ್ಲಿಯೇ ಇದೆ. ಉಪಕರಣಗಳಿಗೆ ಮುದ್ರಾ ಯೋಜನೆಯ ಶಿಶು ಸಾಲವು 50,000 ರೂಪಾಯಿಯವರೆಗೆ ಜಾಮೀನಿಲ್ಲದೆ ದೊರೆಯುತ್ತದೆ. ಆದರೆ ಪೂರ್ತಿ ಸಾಲ ಮಾಡಿ ಎಲ್ಲವನ್ನೂ ಒಮ್ಮೆಲೇ ಕೊಳ್ಳುವ ಅಗತ್ಯವಿಲ್ಲ. ಎರಡು ಅಳತೆಯ ಪಾನಾ, ಹ್ಯಾಕ್ಸಾ, ಡ್ರಿಲ್ಲಿಂಗ್ ಯಂತ್ರ, ಮಟ್ಟ ನೋಡುವ ಸಾಧನ ಇಷ್ಟಿದ್ದರೆ ಆರಂಭಿಸಬಹುದು. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಮಧ್ಯವರ್ತಿಗೆ ಹಣ ಕೊಡಬೇಕಾಗಿಲ್ಲ. 2023ರ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪ್ಲಂಬಿಂಗ್ ಸೇರಿಲ್ಲವಾದ್ದರಿಂದ ಅದಕ್ಕಾಗಿ ಅಲೆಯುವುದು ವ್ಯರ್ಥ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಏಣಿಯ ಮೇಲೆ ದುಡಿಯುವವನ ಹೆಂಡಿರು ಮಕ್ಕಳಿಗೆ ಅದು ಬೇಕೇಬೇಕು.

ಆರಂಭಕ್ಕೆ ಯಾವ ಕಾಲ ಒಳ್ಳೆಯದು ಎಂದು ಕೇಳಿದರೆ, ದಸರೆಗಿಂತ ಮೊದಲು ಎನ್ನುತ್ತೇನೆ. ಮಳೆಗಾಲದಲ್ಲಿ ಕಟ್ಟಡದ ಕೆಲಸ ಮಂದವಾಗಿರುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬ ಬಂತೆಂದರೆ ವರ್ಷವಿಡೀ ತೊಟ್ಟಿಕ್ಕುತ್ತಿದ್ದ ನಳವೂ ಕೆಟ್ಟು ನಿಂತ ಗೀಸರೂ ಮನೆಯವರಿಗೆ ಒಮ್ಮೆಲೇ ನೆನಪಾಗುತ್ತವೆ. ನಸುಕಿನ ಅಭ್ಯಂಜನಕ್ಕೆ ಬಿಸಿನೀರು ಬೇಕಲ್ಲವೇ! ಆ ವಾರ ಕರೆದ ಕಡೆಗೆಲ್ಲ ಹೇಳಿದ ಸಮಯಕ್ಕೆ ಹೋದ ಹುಡುಗನಿಗೆ ಮುಂದಿನ ಬೇಸಗೆಯವರೆಗೂ ಕೆಲಸ ಸಿಗುತ್ತದೆ. ವಾಷರು, ಟೆಫ್ಲಾನ್ ಪಟ್ಟಿ, ಗೀಸರಿನ ಕಾಯಿಲುಗಳನ್ನು ನವರಾತ್ರಿಯಲ್ಲಿಯೇ ತಂದಿಟ್ಟುಕೊಂಡಿರಲಿ. ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಬೇಕಾದ ಅಳತೆ ಸಿಗುವುದಿಲ್ಲ.