ಕ್ರೀಡಾಂಗಣದ ನಿಜವಾದ ಅಳತೆ

ಒಂದು ಆಲಿಕೆಯೊಳಕ್ಕೆ ಅವರೆಕಾಳನ್ನು ಸುರಿದು ನೋಡಿ. ಮೆಲ್ಲನೆ ಸುರಿದರೆ ಕಾಳುಗಳು ಒಂದರ ಹಿಂದೊಂದಾಗಿ ಸಲೀಸಾಗಿ ಇಳಿಯುತ್ತವೆ; ಬೊಗಸೆ ತುಂಬ ಒಮ್ಮೆಲೇ ಸುರಿದರೆ ಕೊರಳಿನಲ್ಲಿ ಒಂದಕ್ಕೊಂದು ಆತುಕೊಂಡು ಕಮಾನಿನಂತೆ ನಿಂತುಬಿಡುತ್ತವೆ. ಮೇಲಿನ ಬಾಯಿ ಎಷ್ಟೇ ಅಗಲವಾಗಿರಲಿ, ಎಷ್ಟು ಕಾಳು ಇಳಿಯಬಲ್ಲುದೆಂಬುದನ್ನು ನಿರ್ಧರಿಸತಕ್ಕದ್ದು ಕೊರಳು. ಕ್ರಿಕೆಟ್ ಮೈದಾನಗಳ ಪುನರ್ನಿರ್ಮಾಣದ ಚರ್ಚೆಯನ್ನು ಕೇಳುವಾಗಲೆಲ್ಲ ನನಗೆ ಈ ಪ್ರಯೋಗವು ನೆನಪಿಗೆ ಬರುತ್ತದೆ. ಆಸನಗಳೆಷ್ಟು ಎಂದು ಎಲ್ಲರೂ ಕೇಳುತ್ತಾರೆ. ಆಟ ಮುಗಿದ ಮೇಲೆ ಅಷ್ಟು ಜನರು ಮನೆಗೆ ಹೋಗುವ ಬಗೆ ಹೇಗೆಂದು ಕೇಳುವವರು ವಿರಳ.

ಈ ಪ್ರಶ್ನೆಯನ್ನು ಕಡೆಗಣಿಸಿದುದರ ಬೆಲೆ ನಮಗೆ ತಿಳಿಯದುದೇನೂ ಅಲ್ಲ. 2025ನೆಯ ಇಸವಿಯ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ವಿಜಯೋತ್ಸವವನ್ನು ನೋಡಲು ಬಂದವರಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡಿಕುನ್ಹಾ ಆಯೋಗವು, ಆ ಕ್ರೀಡಾಂಗಣದ ರಚನೆಯೇ ಭಾರಿ ಜನಸಮೂಹಕ್ಕೆ ತಕ್ಕುದಲ್ಲವೆಂದೂ, ಮುಂದಿನ ಕ್ರೀಡಾಂಗಣಗಳಿಗೆ ರಸ್ತೆಯಿಂದ ಪ್ರತ್ಯೇಕವಾದ ಸರದಿಯ ಸ್ಥಳವೂ ಸಾರಿಗೆಯ ಸಂಪರ್ಕವೂ ಇರಬೇಕೆಂದೂ ತಿಳಿಸಿತು. ನಾವಾದರೋ ಇಂಥ ದುರಂತಗಳನ್ನು ‘ಕಾಲ್ತುಳಿತ’ವೆಂದು ಕರೆದು, ತಪ್ಪನ್ನೆಲ್ಲ ಜನರ ಕಾಲಿನ ಮೇಲೆ ಹೊರಿಸಿಬಿಡುತ್ತೇವೆ. ವಾಸ್ತವವಾಗಿ ಇಂಥ ಸಂದರ್ಭಗಳಲ್ಲಿ ಸಾಯುವವರಲ್ಲಿ ಹೆಚ್ಚಿನವರು ತುಳಿತದಿಂದ ಸಾಯುವುದಿಲ್ಲ. ಎಲ್ಲ ಕಡೆಗಳಿಂದಲೂ ಬೀಳುವ ಒತ್ತಡದಿಂದ ಎದೆ ಹಿಗ್ಗಲಾರದೆ, ಉಸಿರುಕಟ್ಟಿ ಸಾಯುತ್ತಾರೆ.

ಇದರ ಭೌತಶಾಸ್ತ್ರವು ಸರಳವಾದದ್ದು. ಒಂದು ದಾರಿಯಲ್ಲಿ ಸಾಗುವ ಜನಪ್ರವಾಹವು ಸಾಂದ್ರತೆ ಮತ್ತು ವೇಗಗಳ ಗುಣಲಬ್ಧ. ಸಾಂದ್ರತೆ ಹೆಚ್ಚಿದಂತೆ ವೇಗವು ಕುಗ್ಗುವುದರಿಂದ, ಒಂದು ಮಿತಿಯನ್ನು ದಾಟಿದ ಮೇಲೆ ಹೆಚ್ಚು ಜನರು ನುಗ್ಗಿದಷ್ಟೂ ಕಡಿಮೆ ಜನರು ಹೊರಬೀಳುತ್ತಾರೆ. ಚದರ ಮೀಟರಿಗೆ ಆರೇಳು ಮಂದಿ ಸೇರಿದರೆಂದರೆ ವ್ಯಕ್ತಿಗೆ ಸ್ವಂತ ಚಲನೆಯೇ ಉಳಿಯದು. ಹಿಂದಿನ ನೂಕು ದ್ರವದಲ್ಲಿ ಅಲೆ ಹರಿಯುವಂತೆ ಗುಂಪಿನೊಳಗೆ ಹರಿಯುತ್ತದೆ. ಗ್ಲಾಸ್ಗೋ ನಗರದ ಐಬ್ರಾಕ್ಸ್ ಮೈದಾನದಲ್ಲಿ 1971ರ ಜನವರಿಯಲ್ಲಿ, ಆಟ ಮುಗಿದು ಮನೆಗೆ ಹೊರಟ 66 ಮಂದಿ ಮೆಟ್ಟಿಲುಗಳ ಮೇಲೆ ಮಡಿದರು. ಆ ಬಳಿಕ ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಯ ಕೈಪಿಡಿಯೊಂದು ಸಿದ್ಧವಾಯಿತು. ಮೀಟರು ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ 82 ಮಂದಿ, ಮೆಟ್ಟಿಲಿನಲ್ಲಿ 66 ಮಂದಿ ಎಂಬುದು ಅದು ಈಚೆಗೆ ಅಂಗೀಕರಿಸಿರುವ ಗರಿಷ್ಠ ಪ್ರಮಾಣ. ಪ್ರೇಕ್ಷಕರು ಎಂಟು ನಿಮಿಷಗಳೊಳಗೆ ತಮ್ಮ ಸ್ಥಳಗಳನ್ನು ಬಿಟ್ಟು ಸರಾಗವಾಗಿ ಸಾಗುವ ಹೊರದಾರಿಗಳನ್ನು ಸೇರುವಂತಿರಬೇಕೆಂದೂ ಅದು ಹೇಳುತ್ತದೆ.

ಈಗ ಒಂದು ಲೆಕ್ಕವನ್ನು ಮಾಡೋಣ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸುಮಾರು 35,000 ಮಂದಿಗೆ ಸ್ಥಳವಿದೆ. ಎಂಟು ನಿಮಿಷಗಳಲ್ಲಿ ಅವರೆಲ್ಲರೂ ಹೊರಬರಬೇಕಾದರೆ ದ್ವಾರಗಳ ಒಟ್ಟು ಅಗಲ 53 ಮೀಟರುಗಳಷ್ಟಿರಬೇಕು. ಅಷ್ಟನ್ನೂ ಕಟ್ಟಿದೆವೆನ್ನಿ. ಪ್ರೇಕ್ಷಕರಲ್ಲಿ ಅರ್ಧದಷ್ಟು, ಎಂದರೆ 17,500 ಮಂದಿ, ಪಕ್ಕದ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದತ್ತ ನಡೆಯುತ್ತಾರೆಂದು ಭಾವಿಸೋಣ. ಆರು ಬೋಗಿಗಳ ಒಂದು ರೈಲು ಸುಮಾರು 2,000 ಮಂದಿಯನ್ನು ಹೊರುತ್ತದೆ. ಅದರಲ್ಲಿ ಅರ್ಧ ಆಗಲೇ ತುಂಬಿದ್ದು, ರಾತ್ರಿಯ ವೇಳೆ ಎರಡು ದಿಕ್ಕಿಗೂ ಹತ್ತು ನಿಮಿಷಗಳಿಗೊಂದರಂತೆ ರೈಲು ಬಂದರೆ, ನಿಲ್ದಾಣದಿಂದ ನಿಮಿಷಕ್ಕೆ 200 ಮಂದಿ ಮಾತ್ರ ಹೊರಡಬಲ್ಲರು. ಎಂಟು ನಿಮಿಷಗಳಲ್ಲಿ 1,600 ಮಂದಿ ಹೊರಟರು. ಉಳಿದವರು ಸುಮಾರು 16,000! ಚದರ ಮೀಟರಿಗೆ ಇಬ್ಬರಂತೆ ನೆಮ್ಮದಿಯಾಗಿ ನಿಲ್ಲಲು ಅವರಿಗೆ ಎರಡು ಎಕರೆಯಷ್ಟು ಬಯಲು ಬೇಕು. ದ್ವಾರಗಳು ನೇರವಾಗಿ ಕಾಲುದಾರಿಗೆ ತೆರೆದುಕೊಳ್ಳುವ ಆ ಸ್ಥಳದಲ್ಲಿ ಈ ಎರಡು ಎಕರೆ ಎಲ್ಲಿದೆ?

ಆದುದರಿಂದ, ದ್ವಾರಗಳನ್ನಷ್ಟೇ ಅಗಲಗೊಳಿಸುವ ಪುನರ್ನಿರ್ಮಾಣವು ಅಪಾಯವನ್ನು ಗೋಡೆಯ ಒಳಗಿನಿಂದ ಹೊರಕ್ಕೆ ಸಾಗಿಸುತ್ತದೆಯೇ ಹೊರತು ನಿವಾರಿಸುವುದಿಲ್ಲವೆಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ. ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣವನ್ನು ಕಟ್ಟುವ ಯೋಜನೆಯು 2025ರಲ್ಲಿ ಪ್ರಕಟವಾಯಿತು. ಅಲ್ಲಿಯೂ ನಮ್ಮ ಲೆಕ್ಕದ ರೈಲುಗಳೇ ಓಡಿದರೆ, ಅರ್ಧದಷ್ಟು ಪ್ರೇಕ್ಷಕರನ್ನು ಸಾಗಿಸುವುದಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷಗಳು ಬೇಕಾಗುತ್ತವೆ. ಆಸ್ಟ್ರೇಲಿಯದ ಪರ್ತ್ ನಗರದವರು ಈ ಮಾತನ್ನು ಮೊದಲೇ ಮನಗಂಡರು. ಹಳೆಯ ವಾಕಾ ಮೈದಾನದಿಂದ ದೊಡ್ಡ ಪಂದ್ಯಗಳನ್ನು ನದಿಯ ಆಚೆಗೆ ಸಾಗಿಸಿ, 2018ರಲ್ಲಿ 60,000 ಆಸನಗಳ ಕ್ರೀಡಾಂಗಣವನ್ನು ತೆರೆದಾಗ, ಅದರ ಜೊತೆಜೊತೆಗೇ ಆರು ಪ್ಲಾಟ್‌ಫಾರಂಗಳ ರೈಲುನಿಲ್ದಾಣವನ್ನೂ ನಡೆದುಹೋಗುವವರಿಗಾಗಿ ಸೇತುವೆಯನ್ನೂ ನಿರ್ಮಿಸಿದರು.

ಇಷ್ಟೆಲ್ಲ ವೆಚ್ಚವೇಕೆ, ಜನರು ಶಿಸ್ತಿನಿಂದ ನಡೆದುಕೊಂಡರೆ ಸಾಲದೆ ಎಂದು ಕೇಳುವವರುಂಟು. ಶಿಸ್ತು ಒಳ್ಳೆಯದೇ, ಆದರೆ ಇಲ್ಲದ ಸ್ಥಳವನ್ನು ಅದು ಸೃಷ್ಟಿಸಲಾರದು. ಹಿಂದೆ ನಿಂತವನಿಗೆ ಮುಂದೆ ಏನಾಗುತ್ತಿದೆಯೆಂಬುದೇ ಕಾಣಿಸದು. ಕಾಯುವುದಕ್ಕೆ ಅತ್ಯಂತ ಸುರಕ್ಷಿತವಾದ ಸ್ಥಳವೆಂದರೆ ಪ್ರೇಕ್ಷಕನ ಆಸನವೇ. ಆಟ ಮುಗಿದ ಬಳಿಕ ಒಂದೊಂದು ಭಾಗದವರನ್ನಾಗಿ ಬಿಡುವುದು, ಆ ಹೊತ್ತಿಗೆ ಹೆಚ್ಚಿನ ರೈಲುಗಳನ್ನು ಓಡಿಸುವುದು, ಇವೆರಡನ್ನು ನಾಳೆಯೇ ಮಾಡಬಹುದು. ನಿಮಿಷಕ್ಕೆ ಎಷ್ಟು ಮಂದಿಯನ್ನು ಅಲ್ಲಿಂದ ಸಾಗಿಸಬಹುದೆಂಬ ಸಂಖ್ಯೆಯನ್ನು ಪ್ರಕಟಿಸದೆ, ಯಾವ ಕ್ರೀಡಾಂಗಣಕ್ಕೂ ಒಂದು ಆಸನವನ್ನೂ ಸೇರಿಸಲು ಅನುಮತಿ ಕೊಡಬಾರದು.

ವಿದ್ಯಾರ್ಥಿಮಿತ್ರರೇ, ನಾಳೆ ಕಾಲೇಜು ಬಿಡುವ ಹೊತ್ತಿಗೆ ಬಾಗಿಲ ಬಳಿ ಗಡಿಯಾರ ಹಿಡಿದು ನಿಲ್ಲಿ. ನಿಮಿಷಕ್ಕೆ ಎಷ್ಟು ಮಂದಿ ಹೊರಬರುತ್ತಾರೆಂದು ಎಣಿಸಿ, ಬಾಗಿಲಿನ ಅಗಲದಿಂದ ಭಾಗಿಸಿ. ಮುಂದೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುವಿರಿ, ಕೆಲವರು ಅಧಿಕಾರಿಗಳಾಗುವಿರಿ. ಕ್ರೀಡಾಂಗಣದ ನಕ್ಷೆ ನಿಮ್ಮ ಮೇಜಿಗೆ ಬಂದ ದಿನ, ಆ ಸಂಖ್ಯೆಯನ್ನು ನೆನೆದು ಸಹಿ ಮಾಡಿ.