ಏರುವವರ ಖರ್ಚು ಯಾರ ಲೆಕ್ಕಕ್ಕೆ?

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳ ವಾಟ್ಸಾಪ್ ಗುಂಪುಗಳಿಗೆ ಈಚೆಗೆ ಹೊಸ ಬಗೆಯ ಮನವಿಯೊಂದು ಬರತೊಡಗಿದೆ. ಪರಿಚಿತರ ಮಗನೋ ಮಗಳೋ ಆಫ್ರಿಕದ ಕಿಲಿಮಂಜಾರೊ ಪರ್ವತ ಏರಲು ಹೊರಟಿದ್ದಾರೆ. ಬಡ ಮಕ್ಕಳ ಶಿಕ್ಷಣಕ್ಕಾಗಿ, ಕ್ಯಾನ್ಸರ್ ರೋಗಿಗಳಿಗಾಗಿ ಅಥವಾ ಗೋಶಾಲೆಗಾಗಿ ಏರುತ್ತಿದ್ದಾರೆ. ಧರ್ಮಬಂಧುಗಳು ಉದಾರವಾಗಿ ನೆರವಾಗಬೇಕು. ಕೆಳಗೊಂದು ಯುಪಿಐ ಸಂಖ್ಯೆ. ಆ ಸಂಖ್ಯೆ ಎಷ್ಟೋ ಸಲ ಆಸ್ಪತ್ರೆಯದೂ ಅಲ್ಲ, ಗೋಶಾಲೆಯದೂ ಅಲ್ಲ, ಏರುವವರದೇ.

ಪರ್ವತ ಏರುವುದಕ್ಕೆ ನನ್ನ ಆಕ್ಷೇಪವಿಲ್ಲ. 5,895 ಮೀಟರ್ ಎತ್ತರಕ್ಕೆ ಸ್ವಂತ ಕಾಲಿನಿಂದ ನಡೆದು ತಲುಪುವ ತರುಣ ತರುಣಿಯರ ದಾರ್ಢ್ಯವನ್ನು ಯಾರೂ ಅಲ್ಲಗಳೆಯಲಾರರು. ನನ್ನ ಆಕ್ಷೇಪ ಲೆಕ್ಕದ್ದು. ಸಂಗ್ರಹವಾದ ಮೊತ್ತದಲ್ಲಿ ವಿಮಾನದ ಟಿಕೆಟು, ಡೇರೆ, ಮಾರ್ಗದರ್ಶಿಯ ಸಂಬಳ, ಉದ್ಯಾನದ ಶುಲ್ಕ ಸೇರಿವೆಯೆ? ಮನವಿಯಲ್ಲಿ ಇದಕ್ಕೆ ಉತ್ತರವಿರುವುದಿಲ್ಲ. ಕೇಳಿದವನು ಜಿಪುಣನೆನಿಸಿಕೊಳ್ಳುತ್ತಾನೆ. ಲೆಕ್ಕ ಕೇಳುವುದೇ ನನ್ನ ವೃತ್ತಿಯಾದ್ದರಿಂದ ಆ ಬಿರುದಿಗೆ ನಾನು ಅಂಜುವುದಿಲ್ಲ.

ಬ್ರಿಟನ್ನಿನಲ್ಲಿ ಈ ಪದ್ಧತಿ ಹಳತು. ಅಲ್ಲಿನ ಅನೇಕ ಸೇವಾಸಂಸ್ಥೆಗಳು ಇಂಥ ಯಾತ್ರೆಗಳಿಗೆ ಕನಿಷ್ಠ ಸಂಗ್ರಹದ ಮೊತ್ತವೊಂದನ್ನು ನಿಗದಿಪಡಿಸುತ್ತವೆ. ಅಷ್ಟನ್ನು ತಂದವರ ಪ್ರಯಾಣದ ವೆಚ್ಚವನ್ನು ಅದೇ ಮೊತ್ತದಿಂದ ಭರಿಸುತ್ತವೆ. ನಮ್ಮ ಮಕ್ಕಳು ಅನುಕರಿಸುತ್ತಿರುವುದು ಇದನ್ನೇ. ಊಹೆಯ ಅಂಕಿಗಳಿಂದ ವಿವರಿಸುವುದಾದರೆ, ಐದು ಲಕ್ಷ ಸಂಗ್ರಹವಾಯಿತು, ಪ್ರವಾಸಕ್ಕೆ ಮೂರು ಲಕ್ಷ ತಗುಲಿತು, ಆಸ್ಪತ್ರೆಗೆ ಎರಡು ಲಕ್ಷ ಸಂದಿತು ಎನ್ನಿ. ಐದು ಸಾವಿರ ಕೊಟ್ಟ ಸೊಲ್ಲಾಪುರದ ಅಜ್ಜಿಯ ಹಣದಲ್ಲಿ ಮೂರು ಸಾವಿರ ಟಾಂಜಾನಿಯಾಕ್ಕೆ ಹೋಯಿತು. ಆಕೆಗೆ ಅದನ್ನು ಯಾರೂ ಹೇಳಲಿಲ್ಲ.

ಕಿಲಿಮಂಜಾರೊ ಅಗ್ಗದ ಬೆಟ್ಟವಲ್ಲ. ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕವೇ ವಿದೇಶೀಯರಿಗೆ ದಿನಕ್ಕೆ 70 ಡಾಲರು; ಡೇರೆಯಲ್ಲಿ ತಂಗಲು ರಾತ್ರಿಗೆ 50 ಡಾಲರು; ಇವುಗಳ ಮೇಲೆ ಶೇಕಡಾ 18 ತೆರಿಗೆ. ಮಚಾಮೆ ಮಾರ್ಗದಲ್ಲಿ ಏಳು ದಿನ, ಆರು ರಾತ್ರಿ ಕಳೆದರೆ ಸರಕಾರಕ್ಕೆ ಸಲ್ಲುವುದೇ 900 ಡಾಲರು ಮೀರುತ್ತದೆ. ವಿಮಾನ, ಕಂಪನಿಯ ಶುಲ್ಕ, ಭಕ್ಷೀಸು ಇವೆಲ್ಲ ಬೇರೆ. ಈ ಹಣವಿದ್ದವರು ಹೋಗಲಿ, ಸಂತೋಷ. ಹಣವಿದ್ದೂ ಇತರರ ದಾನದಿಂದ ಹೋಗುವುದಾದರೆ ಅದಕ್ಕೆ ಬೇರೆ ಹೆಸರಿದೆ.

ಕಾನೂನನ್ನೂ ನೋಡೋಣ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಹಣ ವ್ಯಕ್ತಿಯೊಬ್ಬನ ಖಾತೆಗೆ ಉಡುಗೊರೆಯಾಗಿ ಬಂದರೆ, ಆ ಇಡೀ ಮೊತ್ತ ಅವನ ಆದಾಯ. ಹಣ ತನ್ನದಲ್ಲ, ಸಂಸ್ಥೆಯದು ಎಂದು ದಾಖಲೆಯಿಂದ ತೋರಿಸುವ ಹೊಣೆ ಖಾತೆದಾರನದು. ಕೊಟ್ಟವರಿಗೂ 80ಜಿ ರಿಯಾಯಿತಿ ದೊರೆಯದು, ಏಕೆಂದರೆ ಸಂಸ್ಥೆಯ ರಸೀದಿ ಅವರ ಕೈಯಲ್ಲಿಲ್ಲ. (ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ರಿಯಾಯಿತಿ ಹೇಗೂ ಇಲ್ಲ.) ಇನ್ನು ಏರುವವನು ಟ್ರಸ್ಟಿಯ ಮಗನಾಗಿದ್ದು, ಟ್ರಸ್ಟಿನ ಹಣದಿಂದ ಅವನ ಪ್ರವಾಸ ನಡೆದರೆ ವಿಷಯ ಗಂಭೀರ. ಟ್ರಸ್ಟಿಗೆ ಸಂಬಂಧಿಸಿದವರಿಗೆ ಲಾಭವಾಗುವಂತೆ ಬಳಸಿದ ಮೊತ್ತಕ್ಕೆ ತೆರಿಗೆಯಲ್ಲದೆ ಅಷ್ಟೇ ಮೊತ್ತದ ದಂಡವನ್ನೂ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ತಪ್ಪು ಮರುಕಳಿಸಿದರೆ ದಂಡ ಇಮ್ಮಡಿ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಇಂಥ ಪ್ರವಾಸದ ಬಿಲ್ಲುಗಳನ್ನು 'ಪ್ರಚಾರ ವೆಚ್ಚ' ಎಂಬ ಶೀರ್ಷಿಕೆಯಡಿ ಬರೆಯಲು ನನ್ನನ್ನು ಕೇಳಿದ್ದರು. ನಾನು ಒಪ್ಪಲಿಲ್ಲ. ಮರುವರ್ಷ ಅವರ ಲೆಕ್ಕಪತ್ರಗಳು ಬೇರೊಬ್ಬರ ಕಚೇರಿಗೆ ಹೋದವು.

ಆದರೆ ತೆರಿಗೆಗಿಂತ ದೊಡ್ಡ ಮಾತೊಂದಿದೆ. ಇಂಥ ಯಾತ್ರೆಯ ಛಾಯಾಚಿತ್ರಗಳಲ್ಲಿ ಶಿಖರದ ಫಲಕವಿರುತ್ತದೆ, ಧ್ವಜವಿರುತ್ತದೆ, ಸಂಸ್ಥೆಯ ಬ್ಯಾನರಿರುತ್ತದೆ. ಡೇರೆ, ಅಡುಗೆಯ ಅನಿಲ, ನೀರು, ಆಹಾರ ಹೊತ್ತು ತಂದವರು ಇರುವುದಿಲ್ಲ. ಕಿಲಿಮಂಜಾರೊದಲ್ಲಿ ಒಬ್ಬ ಹೊರೆಯಾಳಿಗೆ 20 ಕಿಲೋ ಮಿತಿಯೆಂದು ನಿಯಮವಿದೆ. ಆ ನಿಯಮ ಪಾಲನೆಯಾಗುತ್ತಿದೆಯೆ, ಒಪ್ಪಿದ ಕೂಲಿ ಕೈಗೆ ಬಂತೆ, ಮೈಮೇಲೆ ಬೆಚ್ಚನೆಯ ಬಟ್ಟೆಯಿದೆಯೆ ಎಂದು ನೋಡಲು ಮೋಶಿ ಪಟ್ಟಣದಲ್ಲಿ 'ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್' ಎಂಬ ಸಂಸ್ಥೆ 2003ರಿಂದ ದುಡಿಯುತ್ತಿದೆ. ಅಂಥ ಸಂಸ್ಥೆ ಬೇಕಾಯಿತೆಂಬುದೇ ಅಲ್ಲಿನ ಸ್ಥಿತಿಯನ್ನು ಹೇಳುತ್ತದೆ.

ಎವರೆಸ್ಟಿನ ಕಥೆ ಇನ್ನೂ ಕಠೋರ. 2014ರ ಏಪ್ರಿಲ್ 18ರಂದು ಖುಂಬು ಹಿಮಪ್ರಪಾತದಲ್ಲಿ ಹಿಮಗಡ್ಡೆಗಳು ಕುಸಿದು, ವಿದೇಶೀ ತಂಡಗಳಿಗಾಗಿ ದುಡಿಯುತ್ತಿದ್ದ 16 ಮಂದಿ ನೇಪಾಳಿ ಕೆಲಸಗಾರರು ಮಡಿದರು. ಸರಕಾರ ಪ್ರತಿ ಕುಟುಂಬಕ್ಕೆ ಕೂಡಲೇ ಘೋಷಿಸಿದ್ದು 40,000 ನೇಪಾಳಿ ರೂಪಾಯಿ, ನಮ್ಮ ಲೆಕ್ಕದಲ್ಲಿ 25,000. ಶೆರ್ಪಾಗಳು ಸಿಟ್ಟಿಗೆದ್ದರು, ಆ ಋತುವಿನ ಆರೋಹಣ ಬಹುತೇಕ ನಿಂತೇಹೋಯಿತು, ಬಳಿಕವೇ ಕಡ್ಡಾಯ ಜೀವವಿಮೆಯನ್ನು 10 ಲಕ್ಷದಿಂದ 15 ಲಕ್ಷ ನೇಪಾಳಿ ರೂಪಾಯಿಗೆ ಏರಿಸಿದ್ದು. ಅದೇ ಪರ್ವತಕ್ಕೆ ಇಂದು ವಸಂತ ಋತುವಿನ ಪರವಾನಗಿಯೊಂದಕ್ಕೇ ವಿದೇಶೀಯರು 15,000 ಡಾಲರು ತೆರುತ್ತಾರೆ. ಅಭಯದಾನವನ್ನು ದಾನಗಳಲ್ಲಿ ಒಂದೆಂದು ಎಣಿಸುವ ನಾವು, ನಮ್ಮ ಡೇರೆಯನ್ನು ಹೊತ್ತವನ ವಿಮೆ ಎಷ್ಟೆಂದು ಕೇಳದೆ ದೂರದ ಯಾವುದೋ ಆಸ್ಪತ್ರೆಗೆ ಪುಣ್ಯ ಕಳುಹಿಸುವುದು ಯಾವ ನ್ಯಾಯ?

ನಮಗೆ ಬೆಟ್ಟ ಹೊಸದಲ್ಲ. ಶಿಖರ್ಜಿಯ 27 ಕಿಲೋಮೀಟರುಗಳ ವಂದನೆಯನ್ನು ನಮ್ಮ ಮನೆಗಳ ಹಿರಿಯರು ಉಪವಾಸವಿದ್ದು, ಬರಿಗಾಲಿನಲ್ಲಿ ಮುಗಿಸಿ ಬರುತ್ತಾರೆ. ಅದಕ್ಕಾಗಿ ಯಾರೂ ಪಟ್ಟಿ ಎತ್ತುವುದಿಲ್ಲ. ಆ ಬೆಟ್ಟ ಪ್ರವಾಸಿ ತಾಣವಾಗಬಾರದೆಂದು ದೇಶದ ನಗರ ನಗರಗಳಲ್ಲಿ ಬೀದಿಗಿಳಿದವರು ನಾವು. 2023ರ ಜನವರಿ 5ರಂದು ಕೇಂದ್ರ ಸರಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿದ್ದು ಆ ಒತ್ತಾಯದಿಂದಲೇ. ಶೆರ್ಪಾಗಳಿಗೆ ಚೊಮೊಲುಂಗ್ಮಾ ದೇವಿಯ ನೆಲೆ. ಪೂಜೆ ಸಲ್ಲಿಸದೆ ಅವರು ಹೆಜ್ಜೆಯಿಡುವುದಿಲ್ಲ. ನಮ್ಮ ಬೆಟ್ಟಕ್ಕೆ ಕೇಳಿದ ಮರ್ಯಾದೆಯನ್ನು ಅವರ ಬೆಟ್ಟಕ್ಕೂ ಕೊಡಬೇಕಲ್ಲವೆ? ಶಿಖರ್ಜಿಯಲ್ಲೇ ಡೋಲಿ ಹೊರುವವರ ಜತೆ ನೂರು ರೂಪಾಯಿಗೆ ಚೌಕಾಸಿ ಮಾಡಿ, ಕೆಳಗಿಳಿದ ಮೇಲೆ ಧರ್ಮಶಾಲೆಗೆ ಹನ್ನೊಂದು ಸಾವಿರ ಬರೆಸುವವರನ್ನು ನಾವೆಲ್ಲ ಕಂಡಿದ್ದೇವೆ. ರೋಗದ ಮೂಲ ಅಲ್ಲೇ ಇದೆ.

"ಏರದಿದ್ದರೆ ಈ ಹಣವೇ ಬರುತ್ತಿರಲಿಲ್ಲ, ಜನ ಸುಮ್ಮನೆ ಕೇಳಿದರೆ ಕೊಡುವುದಿಲ್ಲ" ಎಂಬ ಸಮರ್ಥನೆಯಿದೆ. ಅದರಲ್ಲಿ ಸತ್ಯಾಂಶವಿದೆ. ಸಾಹಸ ಜನರ ಗಮನ ಸೆಳೆಯುತ್ತದೆ, ಜೇಬು ಸಡಿಲಿಸುತ್ತದೆ. ಇದು ಮನುಷ್ಯ ಸ್ವಭಾವ. ಆದರೆ ಗಮನ ಸೆಳೆಯಲು ಆಗುವ ಖರ್ಚನ್ನು ಏರುವವರೇ ಭರಿಸಿದರೆ ಸಂಗ್ರಹವೇನೂ ಕಡಿಮೆಯಾಗದು. ಆಸ್ಪತ್ರೆಗೆ ತಲುಪುವ ಮೊತ್ತ ಹೆಚ್ಚುತ್ತದೆ. ಎಡ್ಮಂಡ್ ಹಿಲರಿ 1953ರಲ್ಲಿ ತೇನ್‌ಸಿಂಗ್ ನೋರ್ಗೆಯವರೊಂದಿಗೆ ಎವರೆಸ್ಟ್ ಏರಿದ್ದು ಏರುವ ಆಸೆಗಾಗಿಯೇ. ಪರೋಪಕಾರದ ಸೋಗನ್ನು ಅದಕ್ಕೆ ತೊಡಿಸಲಿಲ್ಲ. ಆ ಕೀರ್ತಿಯಿಂದ ಮುಂದೆ ಹಣ ಕೂಡಿಸಿದರು: 1961ರಲ್ಲಿ ಖುಮ್‌ಜುಂಗಿನಲ್ಲಿ ಶಾಲೆ, 1966ರಲ್ಲಿ ಖುಂಡೆಯಲ್ಲಿ ಆಸ್ಪತ್ರೆ. ಎರಡೂ ಶೆರ್ಪಾಗಳ ಊರಿನಲ್ಲೇ. ತನ್ನ ಹೊರೆ ಹೊತ್ತವರ ಮಕ್ಕಳಿಗೆ ಅವರು ಮೊದಲು ಸಲ್ಲಿಸಿದರು.

ಆದ್ದರಿಂದ ನಮ್ಮ ಸಮಾಜದ ಸಂಘಗಳು ಇಂಥ ಮನವಿಯನ್ನು ಹಂಚುವ ಮೊದಲು ಏರುವವರಿಂದ ಒಂದು ಹಾಳೆ ಬರೆಸಿಕೊಳ್ಳಲಿ. ಪ್ರವಾಸದ ವೆಚ್ಚ ಎಷ್ಟು, ಅದನ್ನು ಯಾರು ಕೊಟ್ಟರು. ದೇಣಿಗೆ ನೇರವಾಗಿ ಯಾವ ಸಂಸ್ಥೆಯ ಖಾತೆಗೆ ಹೋಗುತ್ತದೆ. ಹೊರೆಯಾಳುಗಳ ಕೂಲಿ, ವಿಮೆ ಎಷ್ಟು. ಮರಳಿದ ಒಂದು ತಿಂಗಳೊಳಗೆ ಸಂಸ್ಥೆಯ ರಸೀದಿ ಎಲ್ಲರಿಗೂ ತಲುಪುತ್ತದೆಯೆ. ಅಂಥ ಹಾಳೆಯೊಂದಿಗೆ ಬರುವ ಮೊದಲ ಆರೋಹಿಗೆ, ಅದು ಯಾರ ಮನೆಯ ಮಗಳಾದರೂ ಸರಿ, ನನ್ನ ಚೆಕ್ಕು ಸಿದ್ಧವಾಗಿದೆ. ಸಂಸ್ಥೆಯ ಹೆಸರಿನಲ್ಲಿ ಬರೆದ ಚೆಕ್ಕು.